ಉಡುವ ದೋಣಿ: ಕಯಾಕ್ ಕೊಳ್ಳುವ ಮುನ್ನ ಒಂದಿಷ್ಟು ಚರಿತ್ರೆ

ಈ ವರ್ಷದ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಸದಸ್ಯರೊಬ್ಬರು ನಮ್ಮನ್ನು ಕೇಳಿದರು: "ಡಾಕ್ಟರೇ, ಬೇಸಿಗೆಗೆ ಒಂದು ಕಯಾಕ್ ತೆಗೆದುಕೊಳ್ಳಬೇಕೆಂದಿದ್ದೇವೆ. ನಿಮ್ಮ ಮನೆಯಲ್ಲಿ ಒಂದಿದೆಯಂತಲ್ಲ, ಯಾವುದು ಒಳ್ಳೆಯದು ಹೇಳಿ." ನಾವು ಹೋಳಿಗೆಯ ಪಾತ್ರೆಯ ಬಳಿ ತಲುಪುವಷ್ಟರಲ್ಲಿ ಇನ್ನೂ ಮೂರು ಕುಟುಂಬಗಳು ಅದೇ ಪ್ರಶ್ನೆಯೊಡನೆ ಸೇರಿಕೊಂಡಿದ್ದವು. ಅಂದು ಸರಿಯಾದ ಉತ್ತರ ಕೊಡಲಾಗಲಿಲ್ಲ. "ಯಾವ ಮಾತ್ರೆ ಒಳ್ಳೆಯದು?" ಎಂದು ಕೇಳಿದರೆ ವೈದ್ಯರು ಏನೆಂದು ಹೇಳಿಯಾರು? ಯಾರಿಗೆ, ಯಾವ ತೊಂದರೆಗೆ, ಎಷ್ಟು ತೂಕದವರಿಗೆ ಎಂದು ತಿಳಿಯದೆ ಹೇಳುವಂತಿಲ್ಲ. ಕಯಾಕಿನ ವಿಷಯವೂ ಹಾಗೆಯೇ. ಆ ಉತ್ತರವನ್ನು ಸಾವಧಾನವಾಗಿ ಬರೆಯುವ ಪ್ರಯತ್ನವಿದು. ಅಂಗಡಿಯ ಪಟ್ಟಿಗಿಂತ ಆ ದೋಣಿಯ ಚರಿತ್ರೆಯೇ ನಮಗೆ ಹೆಚ್ಚು ಕಲಿಸಿದ್ದರಿಂದ ಚರಿತ್ರೆಯ ದಾರಿಯಲ್ಲೇ ಬರೆಯುತ್ತಿದ್ದೇವೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ನಾಲ್ಕು ವರ್ಷಗಳ ಹಿಂದೆ ನಾವು ದಂಪತಿಗಳು ರಿಯಾಯಿತಿ ದರದಲ್ಲಿ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಗಾಳಿ ತುಂಬುವ ಕಯಾಕೊಂದನ್ನು ಕೊಂಡೆವು. ಮೇ ತಿಂಗಳ ಒಂದು ಭಾನುವಾರ, ಆಗ ಒಂಬತ್ತು ವರ್ಷದವಳಾಗಿದ್ದ ಮಗಳನ್ನು ನಡುವೆ ಕೂರಿಸಿಕೊಂಡು, ಬವೇರಿಯಾದ ದೊಡ್ಡ ಸರೋವರವೊಂದರಲ್ಲಿ ಇಳಿದೆವು. ದಡದಲ್ಲಿ ಅಂಗಿತೋಳು ಮಡಿಸುವಷ್ಟು ಬಿಸಿಲಿತ್ತು. ನೀರು ಮಾತ್ರ 12 ಡಿಗ್ರಿಯ ಆಸುಪಾಸಿನಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ದಡದ ಕಂಬವೊಂದರ ಮೇಲೆ ಕಿತ್ತಳೆ ಬಣ್ಣದ ದೀಪ ಮಿನುಗತೊಡಗಿತು. ರಸ್ತೆ ಕಾಮಗಾರಿ ಇರಬೇಕೆಂದು ನಾವು ಮಾತನಾಡಿಕೊಂಡೆವು! ಬವೇರಿಯಾದ ದೊಡ್ಡ ಸರೋವರಗಳ ಸುತ್ತ ಇರುವ ಬಿರುಗಾಳಿ ಎಚ್ಚರಿಕೆಯ ದೀಪ ಅದು. ನಿಮಿಷಕ್ಕೆ ಸುಮಾರು 40 ಬಾರಿ ಮಿನುಗಿದರೆ ಬಲವಾದ ಗಾಳಿಯ ಸೂಚನೆ, 90 ಬಾರಿ ಮಿನುಗಿದರೆ ಬಿರುಗಾಳಿಯ ಸೂಚನೆ. ಕಾಲು ಗಂಟೆಯೊಳಗೆ ಗಾಳಿ ಎದ್ದಿತು. ನೀರಿನ ಮೇಲೆ ಬುರುಗಿನಂತೆ ಕುಳಿತಿದ್ದ ನಮ್ಮ ದೋಣಿ ಹುಟ್ಟಿನ ಮಾತು ಕೇಳದೆ ಪಕ್ಕಕ್ಕೆ ಜಾರುತ್ತ ಸರೋವರದ ನಡುವಿಗೆ ಹೊರಟಿತು. ಮಗಳು ಮೊದಲು ನಕ್ಕಳು, ಆಮೇಲೆ ಸುಮ್ಮನಾದಳು. ಆ ಮೌನ ಇಂದಿಗೂ ನಮ್ಮ ನೆನಪಿನಲ್ಲಿದೆ.

ನಮ್ಮನ್ನು ಹಗ್ಗ ಕಟ್ಟಿ ದಡಕ್ಕೆ ಎಳೆದು ತಂದವರು ಎಪ್ಪತ್ತು ದಾಟಿದ ಜರ್ಮನ್ ದಂಪತಿಗಳು. ಅವರದ್ದು ಮರದ ಚೌಕಟ್ಟಿಗೆ ಬಟ್ಟೆ ತೊಡಿಸಿದ, ಬಣ್ಣ ಮಾಸಿದ ಹಳೆಯ ಮಡಿಸುವ ದೋಣಿ. ದಡ ಸೇರಿದ ಮೇಲೆ ಆ ಹಿರಿಯರು ಬೈಯಲಿಲ್ಲ. ನಮ್ಮ ದೋಣಿಯ ಬದಿಯಲ್ಲಿ ಅಚ್ಚಾಗಿದ್ದ ಅಂಕಿಯನ್ನು ತೋರಿಸಿ, "ನಿಮ್ಮ ಮೂವರ ಒಟ್ಟು ತೂಕ ಎಷ್ಟು?" ಎಂದಷ್ಟೇ ಕೇಳಿದರು. ಅಲ್ಲಿ 150 ಕಿಲೋ ಎಂದಿತ್ತು. ನಾವು ಮೂವರು ಸೇರಿ 171 ಕಿಲೋ, ಊಟದ ಚೀಲ ಬೇರೆ. ತೂಕ ನೋಡದೆ ಮಗುವಿಗೆ ಒಂದು ಚಮಚ ಔಷಧ ಬರೆಯದವರು ನಾವು. ನಮ್ಮ ಮಗುವನ್ನು ಕೂರಿಸಿದ ದೋಣಿ ಎಷ್ಟು ತೂಕ ತಾಳುತ್ತದೆಂದು ಓದಿರಲೇ ಇಲ್ಲ. ನಾಚಿಕೆಯಾಯಿತು. ಆ ನಾಚಿಕೆಯಿಂದಲೇ ನಮ್ಮ ಓದು ಆರಂಭವಾಯಿತು.

ಮಾರು, ಮೊಳ, ಮುಷ್ಟಿ

ಕಯಾಕಿನ ತವರು ಉತ್ತರ ಧ್ರುವದ ಸುತ್ತಲಿನ ನಾಡುಗಳು: ಗ್ರೀನ್‌ಲ್ಯಾಂಡ್, ಕೆನಡಾದ ಉತ್ತರ ಭಾಗ, ಅಲಾಸ್ಕ, ಅಲ್ಯೂಶಿಯನ್ ದ್ವೀಪಗಳು. ಗ್ರೀನ್‌ಲ್ಯಾಂಡಿನಲ್ಲಿ ದೊರೆತ ಮರದ ತುಣುಕುಗಳಿಂದ ಈ ಬಗೆಯ ದೋಣಿ ಸುಮಾರು 4000 ವರ್ಷಗಳಷ್ಟು ಹಳೆಯದೆಂದು ತಿಳಿದುಬರುತ್ತದೆ. ಅಲ್ಲಿ ಮರಗಳು ಬೆಳೆಯುವುದು ಅಪರೂಪ. ದೂರದ ನದಿಗಳಿಂದ ಸಮುದ್ರಕ್ಕೆ ಬಿದ್ದು ತೇಲಿಬಂದ ಮರದ ತುಂಡುಗಳನ್ನು ಆಯ್ದು ಇನುಯಿಟ್ ಜನರು ಚೌಕಟ್ಟು ಕಟ್ಟುತ್ತಿದ್ದರು. ಅದರ ಮೇಲೆ ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ, ಪ್ರಾಣಿಗಳ ನರದಿಂದ ಮಾಡಿದ ದಾರದಲ್ಲಿ ಹೊಲಿಯುತ್ತಿದ್ದವರು ಹೆಂಗಸರು. ಚರ್ಮದ ಆಚೆ ಬದಿಗೆ ಸೂಜಿ ಪೂರ್ತಿ ತೂರದಂತೆ ಹಾಕುವ ಆ ಹೊಲಿಗೆಯಿಂದ ನೀರು ಒಳಗಿಳಿಯುತ್ತಿರಲಿಲ್ಲ. ಬೇಟೆಗಾರನ ಪ್ರಾಣ ಅವನ ಹುಟ್ಟಿನ ಮೇಲೆ ನಿಂತಿದ್ದಷ್ಟೇ ಮನೆಯವಳ ಸೂಜಿಯ ಮೇಲೂ ನಿಂತಿತ್ತು.

ಕಯಾಕನ್ನು ಅಂಗಡಿಯಿಂದ ಕೊಳ್ಳುವ ಮಾತು ಅಲ್ಲಿರಲಿಲ್ಲ. ಅದನ್ನು ಅದರಲ್ಲಿ ಕೂರುವ ಮನುಷ್ಯನ ಅಳತೆಗೇ ಕಟ್ಟಲಾಗುತ್ತಿತ್ತು. ಗ್ರೀನ್‌ಲ್ಯಾಂಡಿನ ಪದ್ಧತಿಯೆಂದು ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗಿದೆ: ಉದ್ದ, ಎರಡೂ ಕೈ ಚಾಚಿದ ಅಳತೆಯ ಮೂರರಷ್ಟು, ಅಗಲ, ಸೊಂಟದ ಅಗಲಕ್ಕೆ ಎರಡು ಮುಷ್ಟಿ ಸೇರಿದಷ್ಟು, ಆಳ, ಒಂದು ಮುಷ್ಟಿಯ ಮೇಲೆ ಹೆಬ್ಬೆರಳು ನಿಲ್ಲಿಸಿದಷ್ಟು, ಹುಟ್ಟಿನ ಉದ್ದ, ಚಾಚಿದ ಕೈಗಳ ಅಳತೆಗೆ ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆ ಸೇರಿದಷ್ಟು. ಇದನ್ನು ಓದಿದಾಗ ನಮಗೆ ಊರಿನ ಹೂವಿನ ಅಂಗಡಿ ನೆನಪಾಯಿತು. ಚಾಚಿದ ಕೈಗಳ ಅಳತೆ ನಮ್ಮ ಮಾರು. ಮೊಣಕೈಯಿಂದ ಬೆರಳ ತುದಿಗೆ ನಮ್ಮ ಮೊಳ. ಕನ್ನಡದಲ್ಲಿ ಹೇಳುವುದಾದರೆ ಕಯಾಕಿನ ಉದ್ದ ಮೂರು ಮಾರು, ಹುಟ್ಟಿನ ಉದ್ದ ಒಂದು ಮಾರು ಒಂದು ಮೊಳ. 170 ಸೆಂಟಿಮೀಟರ್ ಎತ್ತರದವರಿಗೆ ಈ ಲೆಕ್ಕದಲ್ಲಿ ಸುಮಾರು 5.1 ಮೀಟರ್ ಉದ್ದದ ದೋಣಿ, ಸುಮಾರು 215 ಸೆಂಟಿಮೀಟರ್ ಉದ್ದದ ಹುಟ್ಟು ಬೇಕಾಗುತ್ತದೆ. ಇಂದು ಸಮುದ್ರಯಾನಕ್ಕೆಂದು ಮಾರುವ ಕಯಾಕುಗಳ ಅಳತೆಯೂ ಇದರಿಂದ ದೂರವಿಲ್ಲ.

ಬೇಟೆಗಾರ ತೊಡುವ ನೀರು ತೂರದ ಮೇಲಂಗಿಯ ಅಂಚನ್ನು ಕೂರುವ ಕುಳಿಯ ಸುತ್ತಲಿನ ಬಳೆಗೆ ಬಿಗಿಯಾಗಿ ಕಟ್ಟಿದರೆ ಮನುಷ್ಯ ಮತ್ತು ದೋಣಿ ಒಂದೇ ಆಗುತ್ತಿದ್ದರು. ಮಗುಚಿದರೂ ಹುಟ್ಟಿನ ಒಂದು ಬೀಸಿನಿಂದ ಮತ್ತೆ ಮೇಲೇಳುವ ವಿದ್ಯೆ ಹುಟ್ಟಿದ್ದು ಇದರಿಂದ. ಯುರೋಪಿನವರ ಪೈಕಿ ಈ ವಿದ್ಯೆಯನ್ನು ತಾನಾಗಿ ಕಲಿತು ಹೆಸರಾದವರು ಆಸ್ಟ್ರಿಯಾದ ಎಡಿ ಪಾವ್ಲಾಟ, 1927ರಲ್ಲಿ. ಕಯಾಕ್ ಏರುವ ದೋಣಿಯಲ್ಲ, ಉಡುವ ದೋಣಿ ಎಂದು ನಾವು ಮಗಳಿಗೆ ಹೇಳಿಕೊಟ್ಟದ್ದು ಈ ಕಾರಣಕ್ಕೇ.

ಹರಿಗೋಲು ಕಲಿಸುವ ಪಾಠ

ಚರ್ಮ ಹೊದಿಸಿದ ದೋಣಿ ನಮಗೂ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟುವ ಬುಟ್ಟಿಯಾಕಾರದ ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸುತ್ತವೆ. ಆದರೆ ನೇರವಾಗಿ ಸಾಗದೆ ಸುತ್ತುತ್ತಲೇ ಇರುತ್ತವೆ ಎಂಬುದು ಅವನು ಕಂಡ ಸಂಗತಿ. ನಮ್ಮಲ್ಲಿ ಬಹುಮಂದಿ ಹಂಪಿಗೆ ಹೋದಾಗ ಹರಿಗೋಲಿನಲ್ಲಿ ಕುಳಿತವರೇ. ಅಂಬಿಗ ಬೇಕೆಂದೇ ಅದನ್ನು ಗಿರಕಿ ಹೊಡೆಸಿ ಮಕ್ಕಳನ್ನು ನಗಿಸುವುದನ್ನು ಕಂಡವರೇ.

ಕಯಾಕ್ ಆಯ್ಕೆಯ ಮುಖ್ಯ ಸೂತ್ರ ಈ ಎರಡು ದೋಣಿಗಳ ನಡುವೆ ಇದೆ. ಅಗಲವಾಗಿ, ಗಿಡ್ಡವಾಗಿ, ತಳ ಚಪ್ಪಟೆಯಾಗಿದ್ದಷ್ಟೂ ದೋಣಿ ಸ್ಥಿರವೆನಿಸುತ್ತದೆ, ಹತ್ತಲು ಇಳಿಯಲು ಸುಲಭ, ಭಾರ ಹೊರುತ್ತದೆ. ಆದರೆ ನೇರವಾಗಿ ಸಾಗದು, ಬೇಗ ಸಾಗದು. ಉದ್ದವಾಗಿ ಕಿರಿದಾದಷ್ಟೂ ನೀರನ್ನು ಸೀಳಿಕೊಂಡು ನೇರವಾಗಿ ಹೋಗುತ್ತದೆ, ತೋಳುಗಳಿಗೆ ಶ್ರಮ ಕಡಿಮೆ. ಆದರೆ ಮೊದಲ ದಿನ ಕುಳಿತವರಿಗೆ ಅದು ಅಲುಗಾಡಿ ಭಯ ಹುಟ್ಟಿಸುತ್ತದೆ. ಎರಡೂ ಒಂದೇ ದೋಣಿಯಲ್ಲಿ ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇಂದಿನ ಅಂಗಡಿಗಳಲ್ಲಿ ಸ್ಥೂಲವಾಗಿ ಮೂರು ವರ್ಗಗಳಿವೆ. ಸುಮಾರು 3ರಿಂದ 3.7 ಮೀಟರ್ ಉದ್ದ, 65ರಿಂದ 75 ಸೆಂಟಿಮೀಟರ್ ಅಗಲದ ವಿಹಾರ ಕಯಾಕುಗಳು ಸಣ್ಣ ಕೆರೆಗೆ, ನಿಧಾನವಾಗಿ ಹರಿಯುವ ಹೊಳೆಗೆ, ದಡದ ಸಮೀಪದ ಒಂದೆರಡು ಗಂಟೆಯ ವಿಹಾರಕ್ಕೆ ಸರಿ. 4ರಿಂದ 5 ಮೀಟರಿನೊಳಗಿನ, 60 ಸೆಂಟಿಮೀಟರಿನ ಆಸುಪಾಸಿನ ಅಗಲದ ಪ್ರವಾಸಿ ಕಯಾಕುಗಳು ದೊಡ್ಡ ಸರೋವರಕ್ಕೆ, ದಿನವಿಡೀ ಸಾಗುವವರಿಗೆ ಒಪ್ಪುತ್ತವೆ. 5 ಮೀಟರ್ ದಾಟಿದ, ಇನ್ನೂ ಕಿರಿದಾದ ಸಮುದ್ರ ಕಯಾಕುಗಳು ತರಬೇತಿ ಪಡೆದವರಿಗೆ ಮೀಸಲು. ಇವನ್ನು ಬಿಟ್ಟು, ರಭಸದ ನದಿಗಳಿಗೆಂದೇ ಮಾಡಿದ ಗಿಡ್ಡ ಕಯಾಕುಗಳೂ ಇವೆ. ಗುರುವಿಲ್ಲದೆ ಅವುಗಳ ಗೊಡವೆಗೆ ಹೋಗಬಾರದು.

ರೈಲಿನ ಬಾಗಿಲು ಮತ್ತು ದರ್ಜಿಯ ಕತ್ತರಿ

ಯುರೋಪಿನಲ್ಲಿ ಈ ದೋಣಿಯನ್ನು ವಿಹಾರದ ವಸ್ತುವಾಗಿಸಿದವರಲ್ಲಿ ಮೊದಲಿಗರು ಸ್ಕಾಟ್ಲೆಂಡ್ ಮೂಲದ ವಕೀಲ ಜಾನ್ ಮೆಕ್‌ಗ್ರೆಗರ್. 1865ರಲ್ಲಿ 'ರಾಬ್ ರಾಯ್' ಎಂಬ ತಮ್ಮ ಮರದ ದೋಣಿಯಲ್ಲಿ ಅವರು ರೈನ್, ಮೈನ್, ಡ್ಯಾನ್ಯೂಬ್ ಮುಂತಾದ ನದಿಗಳಲ್ಲಿ ಸಂಚರಿಸಿ, ಮರುವರ್ಷ ಆ ಪ್ರವಾಸದ ಪುಸ್ತಕ ಪ್ರಕಟಿಸಿದರು. ದೋಣಿಯ ಉದ್ದ 15 ಅಡಿ, ತೂಕ ಸುಮಾರು 36 ಕಿಲೋ. ಆ 15 ಅಡಿಗೆ ಕಾರಣವನ್ನು ಅವರೇ ಹೇಳಿಕೊಂಡಿದ್ದಾರೆ: ಜರ್ಮನಿಯ ರೈಲ್ವೆ ವ್ಯಾಗನ್ನಿನೊಳಗೆ ಹಿಡಿಸಲೆಂದು ಅಷ್ಟಕ್ಕೇ ನಿಲ್ಲಿಸಿದ್ದು. ದೋಣಿಯ ಅಳತೆಯನ್ನು ನೀರು ಮಾತ್ರ ನಿರ್ಧರಿಸುವುದಿಲ್ಲ, ಸಾಗಿಸುವ ಬಗೆಯೂ ನಿರ್ಧರಿಸುತ್ತದೆಂಬ ಅರಿವು ಅಲ್ಲಿಂದಲೇ ಇದೆ.

ಈ ಸಮಸ್ಯೆಗೆ ಚೆಂದದ ಉತ್ತರ ಸಿಕ್ಕಿದ್ದು ನಾವಿರುವ ಈ ನಾಡಿನಲ್ಲೇ. 1905ರಲ್ಲಿ ವಾಸ್ತುಶಿಲ್ಪದ ವಿದ್ಯಾರ್ಥಿ ಆಲ್ಫ್ರೆಡ್ ಹಾಯ್ರಿಶ್ ಬಿದಿರಿನ ಗಳು ಮತ್ತು ಹಾಯಿಬಟ್ಟೆಯಿಂದ ಬಿಚ್ಚಿ ಕಟ್ಟಬಹುದಾದ ದೋಣಿಯನ್ನು ಮಾಡಿ, ಬಾಡ್ ಟ್ಯೋಲ್ಜಿನಿಂದ ಮ್ಯೂನಿಕ್ಕಿನವರೆಗೆ ಈಸಾರ್ ನದಿಯಲ್ಲಿ ಸಾಗಿ ತೋರಿಸಿದರು. 1907ರಲ್ಲಿ ಅದನ್ನು ತಯಾರಿಸುವ ಹಕ್ಕನ್ನು ಪಡೆದವರು ರೋಸೆನ್‌ಹೈಮಿನ ಯೋಹಾನ್ ಕ್ಲೆಪರ್. ಅವರು ಹಡಗು ಕಟ್ಟುವವರಲ್ಲ, ದರ್ಜಿ. ಮುಂದೆ ಅವರ ಕಾರ್ಖಾನೆ ದೋಣಿಗಳಿಗೆ ಎಷ್ಟು ಹೆಸರಾಯಿತೋ ಮಳೆಯಂಗಿಗಳಿಗೂ ಅಷ್ಟೇ ಹೆಸರಾಯಿತು. ಇನುಯಿಟ್ ಮನೆಯ ಸೂಜಿಯ ಕೆಲಸ ಸಾವಿರಾರು ಮೈಲಿ ದಾಟಿ ಬವೇರಿಯಾದ ದರ್ಜಿಯೊಬ್ಬನ ಕೈಗೆ ಬಂದುದು ಚರಿತ್ರೆಯ ಸೋಜಿಗಗಳಲ್ಲೊಂದು. 1920ರ ದಶಕದಲ್ಲಿ ಕಾರಿಲ್ಲದ, ದೋಣಿಮನೆಯಿಲ್ಲದ ಪಟ್ಟಣದ ಜನ ಮಡಿಸಿದ ದೋಣಿಯ ಚೀಲಗಳನ್ನು ಬೆನ್ನಿಗೇರಿಸಿ ಭಾನುವಾರದ ರೈಲು ಹತ್ತಿದರು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಮಡಿಸುವ ಕಯಾಕುಗಳಿಗೆಂದೇ 10,000 ಮೀಟರ್ ಸ್ಪರ್ಧೆಗಳಿದ್ದವು. ಅದೇ ಮೊದಲು, ಅದೇ ಕೊನೆ.

ಈ ಅಧ್ಯಾಯದ ಕಠೋರ ಪುಟವೊಂದಿದೆ. ಎರಡನೆಯ ಮಹಾಯುದ್ಧದಲ್ಲಿ, 1942ರ ಡಿಸೆಂಬರ್ 7ರ ರಾತ್ರಿ, ಫ್ರಾನ್ಸಿನ ಬೋರ್ಡೋ ಬಂದರಿನ ಹಡಗುಗಳನ್ನು ನಾಶಪಡಿಸಲೆಂದು ಬ್ರಿಟಿಷ್ ಸೈನಿಕರು ಜಲಾಂತರ್ಗಾಮಿಯಿಂದ ಇಬ್ಬಿಬ್ಬರು ಕೂರುವ ಮಡಿಸುವ ದೋಣಿಗಳಲ್ಲಿ ಇಳಿದರು. ಜಲಾಂತರ್ಗಾಮಿಯ ಕಿರಿದಾದ ಬಾಯಿಯಲ್ಲಿ ತೂರುವಂತೆಯೇ ಆ ದೋಣಿಗಳನ್ನು ರೂಪಿಸಲಾಗಿತ್ತು. ಆದರೂ ಆರರಲ್ಲಿ ಒಂದು ದೋಣಿ ಹೊರತೆಗೆಯುವಾಗಲೇ ಹರಿದು, ಅದರ ಇಬ್ಬರು ಉಳಿದುಕೊಂಡರು. ಹೊರಟ ಹತ್ತು ಮಂದಿಯಲ್ಲಿ ಜೀವಂತವಾಗಿ ಮರಳಿದವರು ಮೇಜರ್ ಹ್ಯಾಸ್ಲರ್ ಮತ್ತು ಸ್ಪಾರ್ಕ್ಸ್ ಇಬ್ಬರೇ. ಆರು ಮಂದಿಯನ್ನು ಸೆರೆಹಿಡಿದು ಕೊಲ್ಲಲಾಯಿತು. ಉಳಿದಿಬ್ಬರನ್ನು, ದೋಣಿ ಮಗುಚಿದ ಮೇಲೆ, ತಣ್ಣೀರು ಕೊಂದಿತು.

ನಮ್ಮ ಸದಸ್ಯರಲ್ಲಿ ಬಹುಪಾಲು ಜನ ಬಾಡಿಗೆಯ ಫ್ಲ್ಯಾಟುಗಳಲ್ಲಿದ್ದೇವೆ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ನೆಲಮಾಳಿಗೆಯ ಕೋಣೆಯ ಬಾಗಿಲು, ಮೆಟ್ಟಿಲಿನ ತಿರುವು, ಕಾರಿನ ಛಾವಣಿ ಇವುಗಳನ್ನು ಟೇಪು ಹಿಡಿದು ಅಳೆಯಿರಿ. ಗಟ್ಟಿ ಪ್ಲಾಸ್ಟಿಕ್ಕಿನ ಕಯಾಕ್ 25 ಕಿಲೋ ತೂಗುವುದು ಸಾಮಾನ್ಯ. ಅದನ್ನು ಇಬ್ಬರು ಛಾವಣಿಗೇರಿಸುವಾಗ ಬೆನ್ನು ಹಿಡಿದುಕೊಂಡು ಬಂದವರನ್ನು ನಾವು ಚಿಕಿತ್ಸಾಲಯದಲ್ಲಿ ನೋಡಿದ್ದೇವೆ. ಇಡಲು ಜಾಗವಿಲ್ಲದವರಿಗೆ ಎರಡೇ ದಾರಿ: ಮಡಿಸುವುದು ಅಥವಾ ಗಾಳಿ ತುಂಬುವುದು. ಗಾಳಿ ತುಂಬುವ ಕಯಾಕುಗಳೆಲ್ಲ ಕೆಟ್ಟವಲ್ಲ. ಗಟ್ಟಿಯಾದ ತಳ, ಹಲವು ಪ್ರತ್ಯೇಕ ಗಾಳಿಕೋಣೆಗಳು, ನೇರ ಸಾಗಲು ಕೆಳಗೊಂದು ರೆಕ್ಕೆ ಇರುವ ಒಳ್ಳೆಯ ಮಾದರಿಗಳಿವೆ. ಆದರೆ ಗಾಳಿ ಎದ್ದಾಗ ಅವು ಹೆಚ್ಚು ಜಾರುತ್ತವೆಂಬುದನ್ನು ಮರೆಯಬಾರದು. ನಾವು ಅದನ್ನು ದುಬಾರಿಯಾಗಿ ಕಲಿತವರು.

ಇಬ್ಬರು ಯಾತ್ರಿಕರು

1932ರಲ್ಲಿ ಹ್ಯಾಂಬರ್ಗ್ ಪ್ರದೇಶದ ಆಸ್ಕರ್ ಸ್ಪೆಕ್ ಎಂಬ ನಿರುದ್ಯೋಗಿ ಎಲೆಕ್ಟ್ರಿಷಿಯನ್ ಸೈಪ್ರಸ್ಸಿನ ಗಣಿಗಳಲ್ಲಿ ಕೆಲಸ ಹುಡುಕಿಕೊಂಡು ಉಲ್ಮ್ ಪಟ್ಟಣದಿಂದ ಮಡಿಸುವ ಕಯಾಕಿನಲ್ಲಿ ಡ್ಯಾನ್ಯೂಬ್ ಹಿಡಿದು ಹೊರಟರು. ಸೈಪ್ರಸ್ ತಲುಪಿದರೂ ನಿಲ್ಲಲಿಲ್ಲ. ಯೂಫ್ರೆಟಿಸ್ ಇಳಿದು, ಪರ್ಶಿಯನ್ ಕೊಲ್ಲಿ ದಾಟಿ, ಭಾರತದ ಕರಾವಳಿ, ಸಿಂಹಳ, ಬರ್ಮಾ, ಇಂಡೋನೇಷ್ಯಾದ ದ್ವೀಪಗಳನ್ನು ಬಳಸಿ, ಏಳು ವರ್ಷಗಳ ನಂತರ 1939ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾಕ್ಕೆ ಸೇರಿದ ಸೈಬೈ ದ್ವೀಪವನ್ನು ಮುಟ್ಟಿದರು. ಅಷ್ಟರಲ್ಲಿ ಯುದ್ಧ ಆರಂಭವಾಗಿತ್ತು. ಅಭಿನಂದಿಸಿದ ಪೊಲೀಸರೇ ಶತ್ರುದೇಶದ ಪ್ರಜೆಯೆಂದು ಬಂಧಿಸಿದರು. ಯುದ್ಧ ಮುಗಿಯುವವರೆಗೆ ಶಿಬಿರದಲ್ಲಿದ್ದು, ಆಮೇಲೆ ಅಲ್ಲಿಯೇ ನೆಲೆಸಿ, ಓಪಲ್ ರತ್ನಗಳ ವ್ಯಾಪಾರ ಮಾಡಿಕೊಂಡರು. ಕೆಲಸ ಹುಡುಕಿ ಹೊರಟವರು ಮತ್ತೆಲ್ಲೋ ನೆಲೆ ಕಂಡುಕೊಳ್ಳುವುದು ನಮಗೆ ಅಪರಿಚಿತ ಕಥೆಯೇನಲ್ಲ. ಸ್ಪೆಕ್ ಅವರಿಗೆ ಈಜು ಬರುತ್ತಿರಲಿಲ್ಲವಂತೆ. ದಯವಿಟ್ಟು ಇದೊಂದನ್ನು ಅವರಿಂದ ಕಲಿಯಬೇಡಿ.

ಇನ್ನೊಬ್ಬರು ನಮ್ಮ ವೃತ್ತಿಬಾಂಧವರು, ಡಾ. ಹಾನ್ಸ್ ಲಿಂಡೆಮಾನ್. ಸಮುದ್ರದಲ್ಲಿ ಸಿಲುಕಿದ ಮನುಷ್ಯ ಹೇಗೆ ಉಳಿಯಬಲ್ಲ ಎಂಬ ಪ್ರಶ್ನೆಯನ್ನು ತಮ್ಮ ದೇಹದ ಮೇಲೆಯೇ ಪರೀಕ್ಷಿಸಿದವರು. 1956ರ ಅಕ್ಟೋಬರಿನಲ್ಲಿ ಕೆನರಿ ದ್ವೀಪಗಳ ಲಾಸ್ ಪಾಲ್ಮಾಸಿನಿಂದ 5.2 ಮೀಟರ್ ಉದ್ದದ ಕ್ಲೆಪರ್ ಮಡಿಸುವ ಕಯಾಕಿನಲ್ಲಿ ಒಬ್ಬರೇ ಹೊರಟು, ಸಣ್ಣ ಹಾಯಿಯ ನೆರವಿನಿಂದ 72 ದಿನಗಳಲ್ಲಿ ಅಟ್ಲಾಂಟಿಕ್ ದಾಟಿ ಕೆರಿಬಿಯನ್ ತಲುಪಿದರು. ದಾರಿಯಲ್ಲಿ ದೋಣಿ ಎರಡು ಬಾರಿ ಮಗುಚಿತು. ಒಮ್ಮೆ ಮಗುಚಿದ ಒಡಲಿನ ಮೇಲೆ ಕತ್ತಲಿಡೀ ಅಂಟಿಕೊಂಡಿದ್ದರು. ಹೊರಡುವ ಮೊದಲು ತಿಂಗಳುಗಟ್ಟಲೆ ಅವರು ಮನಸ್ಸಿಗೆ ತಾವೇ ಸೂಚನೆ ಕೊಟ್ಟುಕೊಳ್ಳುವ ಅಭ್ಯಾಸ ಮಾಡಿದ್ದರು. "ನಾನು ಸಾಧಿಸುತ್ತೇನೆ", "ಪಶ್ಚಿಮಕ್ಕೆ" ಎಂಬಂತಹ ಚಿಕ್ಕ ಮಾತುಗಳು ದಣಿವಿನ ಭ್ರಮೆಯಲ್ಲೂ ಅವರೊಳಗೆ ಮೊಳಗುತ್ತಿದ್ದವಂತೆ. ಇವರಿಗಿಂತ ಮೊದಲು, 1952ರಲ್ಲಿ, ಗಾಳಿ ತುಂಬಿದ ದೋಣಿಯಲ್ಲಿ ಅದೇ ಸಾಗರ ದಾಟಿದ್ದ ಫ್ರೆಂಚ್ ವೈದ್ಯ ಅಲೈನ್ ಬೊಂಬಾರ್ ಸಮುದ್ರದ ನೀರನ್ನು ಅಲ್ಪಸ್ವಲ್ಪ ಕುಡಿದು ಬದುಕಬಹುದೆಂದು ವಾದಿಸಿದ್ದರು. ಲಿಂಡೆಮಾನ್ ಅದನ್ನು ಒಪ್ಪಲಿಲ್ಲ. ಆ ಉಪ್ಪನ್ನು ಹೊರಹಾಕಲು ಮೂತ್ರಪಿಂಡಗಳಿಗೆ ಕುಡಿದುದಕ್ಕಿಂತ ಹೆಚ್ಚು ನೀರು ಬೇಕಾಗುವುದರಿಂದ ವೈದ್ಯವಿಜ್ಞಾನ ಲಿಂಡೆಮಾನ್ ಪಕ್ಷವೇ. ಅವರ ದೋಣಿ ಮ್ಯೂನಿಕ್ಕಿನ ಡಾಯ್ಚಸ್ ಮ್ಯೂಸಿಯಂ ಸಂಗ್ರಹ ಸೇರಿದೆ.

ಸಿದ್ಧ ಉಡುಪಿನ ಕಾಲ

1959ರಲ್ಲಿ ಗ್ಲಾಸ್ಗೋದ ವಿದ್ಯಾರ್ಥಿ ಕೆನ್ ಟೇಲರ್ ಪಶ್ಚಿಮ ಗ್ರೀನ್‌ಲ್ಯಾಂಡಿನ ಹಳ್ಳಿಯೊಂದಕ್ಕೆ ಹೋಗಿ, ಅಲ್ಲಿಯ ಕುಶಲಿಯಿಂದ ತಮ್ಮ ಅಳತೆಗೆ ಕಯಾಕೊಂದನ್ನು ಮಾಡಿಸಿಕೊಂಡು ತಂದರು. ಅದರ ನಕ್ಷೆಯಿಂದ ಮುಂದೆ ಬ್ರಿಟನ್ನಿನಲ್ಲಿ ಫೈಬರ್‌ಗ್ಲಾಸಿನ ಸಮುದ್ರ ಕಯಾಕುಗಳು ಹುಟ್ಟಿದವು. ಒಬ್ಬ ಮನುಷ್ಯನ ಮೈಯಳತೆ ಸಾವಿರಾರು ಅಪರಿಚಿತರ ದೋಣಿಯಾಯಿತು. 1970ರ ದಶಕದಲ್ಲಿ ಅಮೆರಿಕದಲ್ಲಿ ಅಚ್ಚಿನಲ್ಲಿ ಎರಕ ಹೊಯ್ದ ಪಾಲಿಥಿಲೀನ್ ಕಯಾಕುಗಳು ಬಂದ ಮೇಲೆ ಬೆಲೆ ಇಳಿಯಿತು, ಬಂಡೆಗೆ ತಾಗಿದರೂ ಒಡೆಯದ ಗಟ್ಟಿತನ ಬಂದಿತು, ತೂಕ ಹೆಚ್ಚಿತು. ಅಂದಿನಿಂದ ನಾವೆಲ್ಲ ಸಿದ್ಧ ಉಡುಪಿನ ಗಿರಾಕಿಗಳು. ಸಿದ್ಧ ಉಡುಪನ್ನು ತೊಟ್ಟು ನೋಡದೆ ಯಾರೂ ಕೊಳ್ಳುವುದಿಲ್ಲವಷ್ಟೆ? ಕಯಾಕನ್ನೂ ಹಾಗೆಯೇ ತೊಟ್ಟು ನೋಡಬೇಕು. ಪಾದಗಳು ಕಾಲೂರಿಗೆ ತಾಗಬೇಕು. ಮೊಣಕಾಲುಗಳು ಮೇಲಿನ ಹೊದಿಕೆಯ ಒಳಬದಿಗೆ ಒತ್ತಿಕೊಳ್ಳುವಂತಿರಬೇಕು. ಸೊಂಟದ ಎರಡೂ ಬದಿ ಬೆರಳು ಆಡುವಷ್ಟು ಮಾತ್ರ ಸಡಿಲವಿರಬೇಕು. ಆದರೆ ಮಗುಚಿದಾಗ ಒಂದೇ ಏಟಿಗೆ ಹೊರಬರುವಂತಿರಬೇಕು. ಕೂತವರು, ಊಟ, ನೀರು, ಬಟ್ಟೆ ಎಲ್ಲ ಸೇರಿದ ಭಾರ ದೋಣಿಯ ಮೇಲೆ ಬರೆದ ಮಿತಿಗಿಂತ ಸಾಕಷ್ಟು ಕೆಳಗಿರಬೇಕು. ಮುಂದೆ ಹಿಂದೆ ಗಾಳಿ ಹಿಡಿದಿಡುವ ಮುಚ್ಚಿದ ಕೋಣೆಗಳಿವೆಯೇ ನೋಡಿ. ಇಲ್ಲದಿದ್ದರೆ ಮಗುಚಿದ ದೋಣಿ ನೂರಾರು ಲೀಟರ್ ನೀರು ಕುಡಿದು ನಿಮ್ಮ ಕೈ ಮೀರುತ್ತದೆ.

ವೈದ್ಯರಾಗಿ ಎರಡು ಮಾತು

ಗ್ರೀನ್‌ಲ್ಯಾಂಡಿನಲ್ಲಿದ್ದ ಡೇನಿಷ್ ವೈದ್ಯರು 'ಕಯಾಕ್ ತಲೆಸುತ್ತು' ಎಂಬ ವಿಚಿತ್ರ ತೊಂದರೆಯನ್ನು ದಾಖಲಿಸಿದ್ದಾರೆ. ಅಲೆಯಿಲ್ಲದ ಕನ್ನಡಿಯಂತಹ ನೀರಿನಲ್ಲಿ, ಬಿಸಿಲಿನ ಝಳಪಿನಲ್ಲಿ ಒಬ್ಬನೇ ಅಲುಗಾಡದೆ ಕುಳಿತ ಅನುಭವಿ ಬೇಟೆಗಾರನಿಗೆ ದೋಣಿ ಮುಳುಗುತ್ತಿದೆ, ದಿಕ್ಕು ತಪ್ಪುತ್ತಿದೆ ಎಂಬ ಭೀತಿ ಹಿಡಿಯುತ್ತಿತ್ತು. ಕೆಲವರು ಮತ್ತೆಂದೂ ಸಮುದ್ರಕ್ಕಿಳಿಯಲಿಲ್ಲ. ಇನ್ನೊಬ್ಬರ ದೋಣಿ ಹತ್ತಿರ ಬಂದರೆ ಭೀತಿ ತಗ್ಗುತ್ತಿತ್ತಂತೆ. ಬ್ರಿಟಿಷ್ ಅನ್ವೇಷಕ ಗಿನೊ ವಾಟ್ಕಿನ್ಸ್ ಕಯಾಕಿನಲ್ಲಿ ನಿಪುಣರಾಗಿದ್ದರೂ, 1932ರ ಆಗಸ್ಟ್ 20ರಂದು ಪೂರ್ವ ಗ್ರೀನ್‌ಲ್ಯಾಂಡಿನಲ್ಲಿ ಒಬ್ಬರೇ ಬೇಟೆಗೆ ಹೋಗಿ ಹಿಂದಿರುಗಲಿಲ್ಲ. ಸಿಕ್ಕಿದ್ದು ಖಾಲಿ ದೋಣಿ ಮಾತ್ರ. ಆಗ ಅವರಿಗೆ 25 ವರ್ಷ. ಒಬ್ಬರೇ ಹೋಗಬಾರದೆಂಬ ನಿಯಮಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ.

ಎರಡನೆಯದು ತಣ್ಣೀರು. ಈ ನಾಡಿನ ಸರೋವರಗಳು ಬಿಸಿಲಿಗಿಂತ ಎಷ್ಟೋ ವಾರ ಹಿಂದೆ ಉಳಿಯುತ್ತವೆ. ತಣ್ಣೀರಿಗೆ ಬಿದ್ದವರಿಗೆ ಮೊದಲ ಒಂದು ನಿಮಿಷ ಉಸಿರು ಹಿಡಿತ ತಪ್ಪಿ ಏದುಸಿರು ಬರುತ್ತದೆ. ಆಗ ತಲೆ ನೀರಿನಡಿ ಇದ್ದರೆ ಅಪಾಯ. ಮುಂದಿನ ಹತ್ತು ನಿಮಿಷಗಳಲ್ಲಿ ಕೈಕಾಲುಗಳ ಬಲ ಕುಂದುತ್ತದೆ. ಈಜು ಬಲ್ಲವರೂ ಈಜಲಾರರು. ದೇಹದ ಒಳಗಿನ ಶಾಖ ಕುಸಿದು ಪ್ರಜ್ಞೆ ತಪ್ಪಲು ಒಂದು ಗಂಟೆಯಾದರೂ ಹಿಡಿಯಬಹುದು. ಬಹುಪಾಲು ಜನ ಅಷ್ಟು ದೂರ ಹೋಗುವುದಿಲ್ಲ, ಮೊದಲೆರಡು ಹಂತಗಳಲ್ಲೇ ಮುಳುಗುತ್ತಾರೆ. ಆದ್ದರಿಂದ ದೋಣಿಗಿಂತ ಮೊದಲು ಕೊಳ್ಳಬೇಕಾದದ್ದು ಮೈಗೊಪ್ಪುವ ತೇಲುವ ಅಂಗಿ. ಅದರ ಮೇಲಿನ ಅಂಕಿಯನ್ನು ಓದಿ: 50 ನ್ಯೂಟನ್ ಎಂದಿರುವುದು ಈಜು ಬಲ್ಲವರಿಗೆ, ದಡದ ಸಮೀಪಕ್ಕೆ. ಈಜು ಬಾರದವರಿಗೂ ಮಕ್ಕಳಿಗೂ ಮುಖವನ್ನು ನೀರಿನ ಮೇಲೆ ಹಿಡಿಯಬಲ್ಲ 100 ನ್ಯೂಟನ್ ಅಥವಾ ಹೆಚ್ಚಿನದು ಬೇಕು. ಬಟ್ಟೆಯನ್ನು ಗಾಳಿಯ ಬಿಸಿ ನೋಡಿ ಆರಿಸಬೇಡಿ, ನೀರಿನ ತಂಪು ನೋಡಿ ಆರಿಸಿ. ನಮ್ಮಲ್ಲಿ ಅನೇಕರು ಬಯಲುಸೀಮೆಯ ಊರುಗಳಲ್ಲಿ "ಕೆರೆಯ ಹತ್ತಿರ ಹೋಗಬೇಡ" ಎಂದು ಹೇಳಿಸಿಕೊಂಡೇ ಬೆಳೆದು, ಈಜು ಕಲಿಯದೆ ಉಳಿದವರು. ಇದರಲ್ಲಿ ಅವಮಾನವೇನೂ ಇಲ್ಲ. ಅದನ್ನು ಮುಚ್ಚಿಟ್ಟು ದೋಣಿ ಹತ್ತುವುದು ಮಾತ್ರ ತಪ್ಪು.

ಹಾಗಾದರೆ ನಮ್ಮ ಉತ್ತರ? ಈ ಬೇಸಿಗೆಯಲ್ಲಿ ಯಾರೂ ಕೊಳ್ಳಬೇಡಿ, ಬಾಡಿಗೆಗೆ ತೆಗೆದುಕೊಳ್ಳಿ. ಮೂರು ಬಗೆಯ ದೋಣಿಗಳಲ್ಲಿ ಮೂರು ಬೇರೆ ದಿನ ಕುಳಿತು ನೋಡಿ. ಯಾವ ನೀರಿಗೆ, ಯಾರು ಯಾರು, ಎಷ್ಟು ಭಾರ, ಎಲ್ಲಿಡುವುದು ಎಂಬ ನಾಲ್ಕು ಪ್ರಶ್ನೆಗಳಿಗೆ ಒಂದು ಹಾಳೆಯಲ್ಲಿ ಉತ್ತರ ಬರೆದುಕೊಳ್ಳಿ. ಚಳಿಗಾಲದಲ್ಲಿ ಹಳೆಯ ದೋಣಿಗಳ ಬೆಲೆ ಇಳಿದಾಗ ಆ ಹಾಳೆ ಹಿಡಿದು ಹೋಗಿ. ನಾವು ಈಗ ಬಳಸುತ್ತಿರುವುದು ಹಾಗೆ ಕೊಂಡ, ಇಬ್ಬರು ಕೂರುವ, ಮೂರನೆಯವರ ಕೈಯಿಂದ ಬಂದ ಮಡಿಸುವ ದೋಣಿ. ಕಟ್ಟಲು ಅರ್ಧ ಗಂಟೆ ಬೇಕು. ಹದಿಮೂರರ ಮಗಳು ಆ ಅರ್ಧ ಗಂಟೆಗೆ ಗೊಣಗುತ್ತಾಳೆ, ಆಮೇಲೆ ಮುಂದಿನ ಆಸನವನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಒಮ್ಮೆಗೆ ಇಬ್ಬರೇ ಹೋಗುತ್ತೇವೆ, ಇನ್ನೊಂದು ದೋಣಿಯ ಜೊತೆಗೆ; ಮೂರನೆಯವರು ದಡದಲ್ಲಿ ಕಿತ್ತಳೆ ದೀಪದ ಮೇಲೆ ಕಣ್ಣಿಟ್ಟಿರುತ್ತಾರೆ.

ಜೂನ್ ತಿಂಗಳಲ್ಲಿ ಒಳಾಂಗಣ ಈಜುಕೊಳದಲ್ಲಿ ಒಂದು ಸಂಜೆ, ಮಗುಚಿದ ಕಯಾಕಿನಿಂದ ಹೊರಬರುವ ಅಭ್ಯಾಸವನ್ನು ತರಬೇತುದಾರರ ಸಮ್ಮುಖದಲ್ಲಿ ಏರ್ಪಡಿಸಲು ಸಂಘದ ಸ್ವಯಂಸೇವಕರು ಯತ್ನಿಸುತ್ತಿದ್ದಾರೆ. ಬರಲಿಚ್ಛಿಸುವ ಕುಟುಂಬಗಳು ತಮ್ಮಲ್ಲಿ ಯಾರಿಗೆ ಈಜು ಬರುತ್ತದೆ, ಯಾರಿಗೆ ಬರುವುದಿಲ್ಲ, ಪ್ರತಿಯೊಬ್ಬರ ತೂಕ ಎಷ್ಟು ಎಂಬುದನ್ನು ಸಂಕೋಚವಿಲ್ಲದೆ ಬರೆದು ತಿಳಿಸಿ. ತೂಕವನ್ನು ವೈದ್ಯರಲ್ಲದೆ ಬೇರಾರೂ ನೋಡುವುದಿಲ್ಲ. ಅಂದಿನ ಚಿತ್ರಾನ್ನದ ಹೊಣೆ ನಮ್ಮದು.